ಸಾರೋಟಿನ ಮುಂದಿನ ಕುದುರೆ

ಕಳೆದ ಆಷಾಢ ಮಾಸದಲ್ಲಿ ನನ್ನ ತಮ್ಮನ ಮಗನು ಕೆನಡಾ ದೇಶದ ಮಾಂಟ್ರಿಯಲ್ ನಗರದಿಂದ ಸಂಸಾರಸಮೇತ ಊರಿಗೆ ಬಂದಿದ್ದನು. ದೊಡ್ಡಪ್ಪನಿಗೆ ಓದಿನ ಹವ್ಯಾಸವುಂಟೆಂದು ಬಲ್ಲ ಆತನು ಆ ನಗರದ ಹಳೆಯ ಛಾಯಾಚಿತ್ರಗಳ ದಪ್ಪನೆಯ ಪುಸ್ತಕವೊಂದನ್ನು ನನಗಾಗಿ ತಂದಿದ್ದನು. ಮಧ್ಯಾಹ್ನದ ಪ್ರಸಾದವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಪುಟಗಳನ್ನು ತಿರುವುತ್ತಿರಲು ಆತನ ಎಂಟು ವರ್ಷದ ಮಗಳು ಬಂದು ಪಕ್ಕದಲ್ಲಿ ಕುಳಿತಳು. ಒಂದು ಪುಟದಲ್ಲಿ ಹಿಮ ಮುಚ್ಚಿದ ಬೀದಿ; ಆ ಬೀದಿಯಲ್ಲಿ ಗಾಲಿಗಳಿಲ್ಲದ ಬಂಡಿ; ಬಂಡಿಯಲ್ಲಿ ತುಪ್ಪಳದ ಟೊಪ್ಪಿಗೆ ಧರಿಸಿದ ಗೃಹಸ್ಥ, ಆತನ ಮಡದಿ, ಇಬ್ಬರು ಮಕ್ಕಳು; ಮುಂದೆ ಎತ್ತರದ ಕಪ್ಪು ಕುದುರೆ. ಚಿತ್ರದ ಕೆಳಗೆ ಗೃಹಸ್ಥನ ಹೆಸರೂ ಇಸವಿಯೂ ಅಚ್ಚಾಗಿದ್ದವು.

“ದೊಡ್ಡಜ್ಜಾ, ಈ ಕುದುರಿ ಹೆಸರೇನು?” ಎಂದು ಹುಡುಗಿ ಕೇಳಿದಳು.

“ಅದನ್ನ ಬರದಿಲ್ಲವ್ವಾ.”

“ಮತ್ತ ಗಾಡಿ ಹೊಡಿಯಾವ್ರ ಹೆಸರು?”

“ಅದನ್ನೂ ಬರದಿಲ್ಲ.”

ಹುಡುಗಿ ಪುಟ ತಿರುವಿ ಮುಂದಕ್ಕೆ ಹೋದಳು. ನನಗೆ ಮಾತ್ರ ಮುಂದಕ್ಕೆ ಹೋಗಲಾಗಲಿಲ್ಲ. ಅಂದಿನಿಂದ ಕೆಲವು ತಿಂಗಳ ಕಾಲ, ಭೂತಗನ್ನಡಿಯನ್ನು ಕೈಯಲ್ಲಿ ಹಿಡಿದು, ಆ ಪುಸ್ತಕವನ್ನೂ ಅಂಥವೇ ಬೇರೆ ಕೆಲವು ಪುಸ್ತಕಗಳನ್ನೂ ನೋಡುತ್ತ ಬಂದಿದ್ದೇನೆ. ಹಳೆಯ ಕುದುರೆಗಾಡಿಗಳ ಚಿತ್ರಗಳೆಂದರೆ ಯಾರಿಗೆ ತಾನೇ ಇಷ್ಟವಾಗುವುದಿಲ್ಲ? ನಾವು ಸಾಮಾನ್ಯವಾಗಿ ನೋಡುವುದು ಗಾಡಿಯ ಅಂದವನ್ನು, ಕುಳಿತವರ ಉಡುಪನ್ನು, ಬೀದಿಯ ಕಟ್ಟಡಗಳನ್ನು. ಎಳೆಯುವ ಜೀವವನ್ನೂ ಅದನ್ನು ನಡೆಸುವ ಮನುಷ್ಯನನ್ನೂ ಕಣ್ಣು ದಾಟಿಬಿಡುತ್ತದೆ. ವಿಚಿತ್ರವೆಂದರೆ ಈ ದೋಷ ನೋಡುವವರದಷ್ಟೇ ಅಲ್ಲ. ಛಾಯಾಗ್ರಹಣದ ಯಂತ್ರವೂ ತನ್ನ ಬಾಲ್ಯದಲ್ಲಿ ಹೀಗೆಯೇ ಮಾಡಿತು.

ಪ್ಯಾರಿಸ್ ನಗರದಲ್ಲಿ ಲೂಯಿ ದಗೇರ್ ಎಂಬಾತನು 1838ರಲ್ಲಿ ತನ್ನ ಕಿಟಕಿಯಿಂದ ಬುಲವಾರ್ ದು ತಾಂಪ್ಲ್ ಎಂಬ ವಿಶಾಲವಾದ ರಾಜಬೀದಿಯ ಚಿತ್ರವನ್ನು ತೆಗೆದನು. ಅದು ನಾಟಕಶಾಲೆಗಳಿಂದ ತುಂಬಿದ, ಸದಾ ಗಜಿಬಿಜಿಯ ಬೀದಿ. ಸಾರೋಟುಗಳೂ ಸಾಮಾನಿನ ಬಂಡಿಗಳೂ ಎಡೆಬಿಡದೆ ಓಡಾಡುತ್ತಿದ್ದವು. ಚಿತ್ರದಲ್ಲಾದರೋ ಒಂದು ಗಾಡಿಯೂ ಇಲ್ಲ, ಒಂದು ಕುದುರೆಯೂ ಇಲ್ಲ. ಬೀದಿ ಬರಿದೋ ಬರಿದು. ಬೆಳ್ಳಿಯ ಲೇಪವುಳ್ಳ ಆ ತಗಡಿನ ಮೇಲೆ ಬೆಳಕು ಹಲವು ನಿಮಿಷಗಳ ಕಾಲ ಬಿದ್ದರೆ ಮಾತ್ರ ಬಿಂಬ ಮೂಡುತ್ತಿತ್ತು. ಅಷ್ಟು ಹೊತ್ತು ನಿಂತಲ್ಲೇ ನಿಂತದ್ದು ಉಳಿಯಿತು, ಚಲಿಸಿದ್ದೆಲ್ಲ ಅಳಿದುಹೋಯಿತು. ಬೀದಿಯ ಮೂಲೆಯಲ್ಲಿ ಒಬ್ಬಾತನು ಬೂಟುಗಳಿಗೆ ಪಾಲಿಶ್ ಮಾಡಿಸಿಕೊಳ್ಳುತ್ತ ಒಂದು ಕಾಲನ್ನು ಎತ್ತಿಟ್ಟುಕೊಂಡು ನಿಂತಿದ್ದನು. ಆತನೂ, ಪಾಲಿಶ್ ಮಾಡುವವನ ಮಸುಕು ಆಕಾರವೂ ಚಿತ್ರದಲ್ಲಿ ಉಳಿದುಕೊಂಡವು. ತಂತಿ ಸಂದೇಶದಿಂದ ಪ್ರಸಿದ್ಧನಾದ ಅಮೆರಿಕದ ಸ್ಯಾಮ್ಯುಯೆಲ್ ಮೋರ್ಸ್ 1839ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಈ ಚಿತ್ರವನ್ನು ಕಂಡು ಬೆರಗಾಗಿ, ಜನರೂ ಗಾಡಿಗಳೂ ತುಂಬಿದ ಬೀದಿ ನಿರ್ಜನವಾಗಿ ಕಾಣುವುದನ್ನು ಕುರಿತು ಊರಿಗೆ ಬರೆದನು. ಕುದುರೆ ಚಿತ್ರದಿಂದ ಮಾಯವಾದದ್ದು ಅದು ದುಡಿಯುತ್ತಿದ್ದುದರಿಂದ. ಗಿರಾಕಿಗಾಗಿ ಕಾಯುತ್ತ ಸುಮ್ಮನೆ ನಿಂತಿದ್ದರೆ ಅದೂ ಉಳಿಯುತ್ತಿತ್ತೋ ಏನೋ!

ಮುಂದಿನ ಇಪ್ಪತ್ತು ವರ್ಷಗಳಲ್ಲಿ ಗಾಜಿನ ತಟ್ಟೆಗಳು ಬಂದವು. 1859ರ ಹೊತ್ತಿಗೆ ಎಡಿನ್‌ಬರೋ ನಗರದಲ್ಲಿ ಜಾರ್ಜ್ ವಾಷಿಂಗ್ಟನ್ ವಿಲ್ಸನ್, ನ್ಯೂಯಾರ್ಕಿನಲ್ಲಿ ಎಡ್ವರ್ಡ್ ಆಂಥನಿ, ಇವರು ಬೀದಿಯ ಚಲನೆಯನ್ನು ಹಿಡಿಯಲು ಸಮರ್ಥರಾದರು. ಅವರ ಉಪಾಯ ಸರಳವಾಗಿತ್ತು. ಎತ್ತರದ ಕಿಟಕಿಯಲ್ಲಿ ಯಂತ್ರವನ್ನಿಟ್ಟು, ಗಾಡಿಗಳು ಅಡ್ಡಲಾಗಿ ಹೋಗದೆ ಎದುರಿಗೆ ಬರುವಂತೆ ಕೋನವನ್ನು ಆರಿಸಿಕೊಂಡರು. ದೂರದಿಂದ ಎದುರಿಗೆ ಬರುವ ವಸ್ತುವು ಕಣ್ಣಿಗೆ ಹೆಚ್ಚು ಸರಿದಂತೆ ತೋರುವುದಿಲ್ಲವಷ್ಟೇ? ಹೀಗೆ ತೆಗೆದ ಜೋಡಿಚಿತ್ರಗಳನ್ನು ಎರಡು ಮಸೂರಗಳ ಪೆಟ್ಟಿಗೆಯಲ್ಲಿಟ್ಟು ನೋಡಿದರೆ ಬೀದಿಯೇ ಎದ್ದು ನಿಂತಂತೆ ಕಾಣುತ್ತಿತ್ತು. ಆಲಿವರ್ ವೆಂಡೆಲ್ ಹೋಮ್ಸ್ ಎಂಬ ಅಮೆರಿಕದ ವೈದ್ಯನು, ಅಂತರ್ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕರಿಗೆ ಕೃತಕ ಕಾಲುಗಳು ಸರಿಯಾಗಿ ಒದಗಬೇಕಾದರೆ ಮನುಷ್ಯನು ನಡೆಯುವ ರೀತಿ ತಿಳಿಯಬೇಕೆಂದು, ಇಂಥ ಬೀದಿಚಿತ್ರಗಳಲ್ಲಿನ ಪಾದಚಾರಿಗಳ ಹೆಜ್ಜೆಗಳನ್ನು ಒಂದೊಂದಾಗಿ ಪರೀಕ್ಷಿಸಿ 1863ರಲ್ಲಿ ಲೇಖನ ಬರೆದನು. ವಿನೋದಕ್ಕೆಂದು ಮಾರಾಟವಾದ ಚಿತ್ರಗಳು ಕುಂಟಿದವರಿಗೆ ಊರುಗೋಲಾದವು.

ಆದರೂ ಓಡುವ ಕುದುರೆಯ ಕಾಲುಗಳು ಇನ್ನೂ ಮಸುಕಾಗಿಯೇ ಉಳಿದಿದ್ದವು. ಆ ಮಸುಕನ್ನು ನೀಗಿದವನು ಎಡ್ವರ್ಡ್ ಮೈಬ್ರಿಜ್. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದಲ್ಲಿ ರೈಲ್ವೆ ಶ್ರೀಮಂತ ಲೀಲಂಡ್ ಸ್ಟ್ಯಾನ್‌ಫರ್ಡನ ಕುದುರೆಗಳ ತೋಟವಿತ್ತು. 1878ರ ಜೂನ್ 15ರಂದು ಅಲ್ಲಿ ಪತ್ರಿಕೆಯವರ ಸಮಕ್ಷಮದಲ್ಲಿ ಹನ್ನೆರಡು ಯಂತ್ರಗಳನ್ನು ಸಾಲಾಗಿ ಹೂಡಲಾಯಿತು. ಏಬ್ ಎಡ್ಜಿಂಗ್ಟನ್ ಎಂಬ ಕುದುರೆಯು ಹಗುರವಾದ ಎರಡು ಗಾಲಿಯ ಪಂದ್ಯದ ಗಾಡಿಯನ್ನೆಳೆದುಕೊಂಡು ಓಡಿತು. ಗಾಡಿಯ ಗಾಲಿ ನೆಲದ ಮೇಲಿನ ತಂತಿಗಳನ್ನು ಒಂದೊಂದಾಗಿ ತುಳಿದಂತೆ ವಿದ್ಯುತ್ತು ಹರಿದು ಒಂದೊಂದು ಯಂತ್ರದ ಕಣ್ಣು ತೆರೆದು ಮುಚ್ಚಿತು. ಓಟದ ಒಂದು ಕ್ಷಣದಲ್ಲಿ ಕುದುರೆಯ ನಾಲ್ಕೂ ಗೊರಸುಗಳು ನೆಲವನ್ನು ಬಿಟ್ಟಿರುತ್ತವೆಂಬುದು ಆ ಚಿತ್ರಗಳಿಂದ ಸಿದ್ಧವಾಯಿತು. ಗಾಡಿ ಹೊಡೆದವನು ಚಾರ್ಲ್ಸ್ ಮಾರ್ವಿನ್. ನೋಡಿ, ಇಲ್ಲಿ ಕುದುರೆಗೂ ಹೆಸರುಂಟು, ಸಾರಥಿಗೂ ಹೆಸರುಂಟು! ಏಕೆಂದರೆ ಇದು ಪಂದ್ಯದ ಕುದುರೆ. ಇದರ ಮೇಲೆ ಹಣ ಹೂಡಿದವರಿದ್ದರು. ಕಲ್ಲಿದ್ದಲು, ಹಾಲು, ರೊಟ್ಟಿ, ಹೆಣ ಇವುಗಳನ್ನು ದಿನಬೆಳಗಾದರೆ ಎಳೆದ ಕುದುರೆಗಳ ಹೆಸರು ಯಾವ ಚಿತ್ರದ ಕೆಳಗೂ ನನಗೆ ದೊರೆಯಲಿಲ್ಲ.

ಮತ್ತೆ ಆ ಹುಡುಗಿಯ ಹಿಮಬಂಡಿಗೆ ಬರೋಣ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಲೇ ಎಂದು ಹೆಸರು. ಮಾಂಟ್ರಿಯಲ್ಲಿನಲ್ಲಿ ಚಳಿಗಾಲ ಬಂತೆಂದರೆ ಗಾಡಿಯ ಗಾಲಿಗಳು ಹಿಮದಲ್ಲಿ ಹೂತುಹೋಗುತ್ತವೆ. ಆದಕಾರಣ ಅಲ್ಲಿಯ ಜನ ಗಾಲಿಯ ಗಾಡಿಯನ್ನು ಕೊಟ್ಟಿಗೆಗೆ ಸೇರಿಸಿ, ಕಬ್ಬಿಣದ ಅಂಚುಳ್ಳ ಎರಡು ಬಾಗಿದ ಪಟ್ಟಿಗಳ ಮೇಲೆ ಜಾರುವ ಬಂಡಿಯನ್ನು ಹೊರಕ್ಕೆ ತೆಗೆಯುತ್ತಿದ್ದರು. ಇಂದು ಆ ದೇಶಗಳಲ್ಲಿ ರಸ್ತೆಯ ಹಿಮವನ್ನು ಬಳಿದು ತೆಗೆಯುತ್ತಾರೆ. ಅಂದು ಅನೇಕ ಊರುಗಳಲ್ಲಿ ದೊಡ್ಡ ಮರದ ಉರುಳೆಗಳನ್ನು ಕುದುರೆಗಳಿಂದ ಎಳೆಸಿ ಹಿಮವನ್ನು ಒತ್ತಿ ಗಟ್ಟಿಮಾಡುತ್ತಿದ್ದರು. ಅಮೆರಿಕದ ಈಶಾನ್ಯ ಭಾಗದಲ್ಲಿ ಮಾಡು ಹೊದಿಸಿದ ಮರದ ಸೇತುವೆಗಳುಂಟು. ಅವುಗಳೊಳಗೆ ಹಿಮ ಬೀಳದ ಕಾರಣ, ಬಂಡಿ ಜಾರಲೆಂದು ಕೂಲಿ ಕೊಟ್ಟು ಹೊರಗಿನ ಹಿಮವನ್ನು ಹೊರಿಸಿ ಸೇತುವೆಯೊಳಗೆ ಹರಡಿಸುತ್ತಿದ್ದರಂತೆ. ನನಗಿದು ಓದಿದಾಗ ನಗು ಬಂದಿತು.

ಈ ನಗರದ ಚಿತ್ರಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ವಿಲಿಯಂ ನಾಟ್‌ಮನ್ ಮುಖ್ಯನಾದವನು. 1826ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಹುಟ್ಟಿ, 1856ರಲ್ಲಿ ಕೆನಡಾಕ್ಕೆ ಬಂದು ಬ್ಲೂರಿ ಬೀದಿಯಲ್ಲಿ ಚಿತ್ರಶಾಲೆ ತೆರೆದನು. ಆತನ ಸಂಸ್ಥೆಯ ನಾಲ್ಕು ಲಕ್ಷಕ್ಕೂ ಮಿಕ್ಕಿದ ಚಿತ್ರಗಳು ಮಾಂಟ್ರಿಯಲ್ಲಿನ ಮೆಕಾರ್ಡ್ ವಸ್ತುಸಂಗ್ರಹಾಲಯದಲ್ಲಿವೆ. ಚಳಿಗಾಲದ ಚಿತ್ರಗಳಿಗೆ ಆತನು ಹೆಸರುವಾಸಿ. ಅವುಗಳಲ್ಲಿ ಹಲವನ್ನು ಬೆಚ್ಚಗಿನ ಕೋಣೆಯೊಳಗೇ ತೆಗೆದನೆಂದರೆ ಓದುಗರಿಗೆ ಆಶ್ಚರ್ಯವಾದೀತು! ಹರಳುಪ್ಪನ್ನು ಸುರಿದರೆ ನೆಲದ ಹಿಮ. ಗಾಜಿನ ತಟ್ಟೆಯ ಮೇಲೆ ಬಿಳಿಯ ಬಣ್ಣವನ್ನು ಸಿಡಿಸಿದರೆ ಬೀಳುತ್ತಿರುವ ಹಿಮ. ಉಜ್ಜಿದ ಸತುವಿನ ತಗಡೇ ಮಂಜುಗಡ್ಡೆ. ತುಪ್ಪಳದ ಉಡುಪಿನ ಮಕ್ಕಳನ್ನು ಪುಟ್ಟ ಜಾರುಬಂಡಿಯ ಮೇಲೆ ಕೂಡಿಸಿದರೆ ಚಿತ್ರ ಸಿದ್ಧ. ಕುದುರೆಯ ಚಿತ್ರಕ್ಕಾದರೋ ಬೀದಿಗೇ ಇಳಿಯಬೇಕು. ಇಂಥ ಬೀದಿಚಿತ್ರಗಳಲ್ಲಿ ಅನೇಕ ಕಡೆ ಒಬ್ಬ ಆಳು ಕುದುರೆಯ ಮೂತಿಯ ಬಳಿ ಲಗಾಮನ್ನು ಹಿಡಿದು ನಿಂತಿರುತ್ತಾನೆ. ಕುದುರೆ ಅಲುಗದಿರಲೆಂದು ಆತನು ನಿಂತಿರುವುದು. ಆದರೂ ಕುದುರೆ ಕಿವಿಯನ್ನು ಆಡಿಸಿರುತ್ತದೆ, ತಲೆಯನ್ನು ಕೊಡವಿರುತ್ತದೆ. ಅಲ್ಲಿ ಚಿತ್ರ ಕದಡಿಹೋಗಿರುತ್ತದೆ. ಬಂಡಿಯೊಳಗಿನ ಯಜಮಾನರ ಮುಖ ಮಾತ್ರ ಕೊರೆದಿಟ್ಟಂತೆ ಸ್ಪಷ್ಟ.

ಕುದುರೆಯ ಎದೆಪಟ್ಟಿಯಲ್ಲಿ ಸಾಲು ಗೆಜ್ಜೆಗಳಿರುವುದನ್ನು ಗಮನಿಸಬೇಕು. ನಮ್ಮ ಇಂಗ್ಲಿಷ್ ಶಾಲೆಗಳ ಮಕ್ಕಳು ಡಿಸೆಂಬರ್ ತಿಂಗಳಲ್ಲಿ ಹಾಡುವ ‘ಜಿಂಗಲ್ ಬೆಲ್ಸ್’ ಎಂಬುದು ಈ ಗೆಜ್ಜೆಗಳನ್ನು ಕುರಿತ ಹಾಡೇ. ಜೇಮ್ಸ್ ಪಿಯರ್‌ಪಾಂಟ್ ಎಂಬಾತನು ಅದನ್ನು ರಚಿಸಿ 1857ರಲ್ಲಿ ಪ್ರಕಟಿಸಿದನು. ಗೆಜ್ಜೆಯ ಉದ್ದೇಶ ಕೇವಲ ಉಲ್ಲಾಸವಾಗಿರಲಿಲ್ಲ. ಹಿಮದ ಮೇಲೆ ಬಂಡಿ ಸದ್ದಿಲ್ಲದೆ ಬರುತ್ತದೆ, ಥಟ್ಟನೆ ನಿಲ್ಲಿಸಲೂ ಬರುವುದಿಲ್ಲ. ಹಾದಿಹೋಕರ ಪ್ರಾಣರಕ್ಷಣೆಗಾಗಿ ಗೆಜ್ಜೆ ಕಟ್ಟಲೇಬೇಕೆಂದು ಹಲವು ಊರುಗಳಲ್ಲಿ ಕಾನೂನೇ ಇತ್ತು.

ಇನ್ನು ಆ ಸಂಸಾರದವರ ತೊಡೆಯ ಮೇಲೆ ಹೊದಿಸಿದ ದಪ್ಪ ಚರ್ಮ. ಅದು ಉತ್ತರ ಅಮೆರಿಕದ ಬಯಲುಗಳ ಬೈಸನ್ ಎಂಬ ಕಾಡುಗೂಳಿಯದು. ಹಿಮಬಂಡಿಗೆ ಅಂಥದೊಂದು ಹೊದಿಕೆ ಇರುವುದು ಆ ಕಾಲದ ರೂಢಿ. ಕೋಟಿಗಟ್ಟಲೆ ಇದ್ದ ಆ ಪ್ರಾಣಿಗಳು 1880ರ ದಶಕ ಮುಗಿಯುವಷ್ಟರಲ್ಲಿ ಇಡೀ ಖಂಡದಲ್ಲಿ ಸಾವಿರದ ಆಸುಪಾಸಿಗೆ ಇಳಿದಿದ್ದವು. ಚಿತ್ರದಲ್ಲಿ ಬೆಚ್ಚಗೆ ನಗುತ್ತಿರುವ ಮಕ್ಕಳಿಗೆ ಇದು ತಿಳಿದಿರಲಿಲ್ಲ. ತಿಳಿಯಬೇಕಾದ ವಯಸ್ಸೂ ಅಲ್ಲ.

ಮಾಂಟ್ರಿಯಲ್ಲಿನ ಬಳಿ ಹರಿಯುವ ಸೇಂಟ್ ಲಾರೆನ್ಸ್ ನದಿ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತಿತ್ತು. ಆಗ ನದಿಯ ಮೇಲೆಯೇ ಬಂಡಿಯ ದಾರಿ. ಹಿಮದ ಬಿರುಗಾಳಿಯಲ್ಲಿ ದಾರಿ ತಪ್ಪದಿರಲೆಂದು ಎರಡೂ ಕಡೆ ಪುಟ್ಟ ದೇವದಾರು ಗಿಡಗಳನ್ನು ನೆಟ್ಟಿರುತ್ತಿದ್ದರು. 1880ರಿಂದ 1883ರವರೆಗೆ ಆ ಮಂಜುಗಡ್ಡೆಯ ಮೇಲೆ ರೈಲನ್ನೂ ಓಡಿಸಿದರು. ಮಂಜುಗಡ್ಡೆ ಬಿರಿದು ಕುದುರೆ ನೀರಿಗೆ ಬಿದ್ದರೆ ಏನು ಮಾಡುತ್ತಿದ್ದರೆಂಬುದನ್ನು ಅಂದಿನ ಪ್ರವಾಸಿಗರು ಬರೆದಿಟ್ಟಿದ್ದಾರೆ. ಕುದುರೆಯ ಕುತ್ತಿಗೆಗೆ ಮೊದಲೇ ಹಗ್ಗದ ಕುಣಿಕೆ ಹಾಕಿರುತ್ತಿದ್ದರು. ಬಿದ್ದೊಡನೆ ಅದನ್ನು ಬಿಗಿಯುವುದು. ಉಸಿರುಕಟ್ಟಿದ ಕುದುರೆ ಒದ್ದಾಡುವುದನ್ನು ನಿಲ್ಲಿಸಿ ಗಾಳಿ ತುಂಬಿ ತೇಲುತ್ತದೆ. ಎಳೆದು ಮೇಲೆ ಹಾಕಿ ಕುಣಿಕೆಯನ್ನು ಸಡಿಲಿಸಿದರೆ ಚೇತರಿಸಿಕೊಂಡು ಏಳುತ್ತದೆ. ಜೀವ ಉಳಿಸಲು ಜೀವ ಹಿಂಡುವ ಈ ಕ್ರಮವನ್ನು ಓದಿದ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಸಾರೋಟಿನ ಚಿತ್ರಗಳಲ್ಲಿಯೂ ಇಂಥ ಸಂಗತಿಯೊಂದುಂಟು. ಪ್ರಾಸಂಗಿಕವಾಗಿ ಹೇಳುವುದಾದರೆ, ನಾವು ಬಳಸುವ ‘ಕೋಚು’ ಎಂಬ ಮಾತು ಇಂಗ್ಲಿಷಿನ ಮೂಲಕ ಬಂದಿದ್ದರೂ ಅದರ ಬೇರು ಹಂಗೆರಿ ದೇಶದ ಕೋಚ್ ಎಂಬ ಹಳ್ಳಿಯಲ್ಲಿದೆ. ಒಳ್ಳೆಯ ಗಾಡಿ ಕಟ್ಟುತ್ತಿದ್ದ ಆ ಹಳ್ಳಿಯ ಹೆಸರೇ ಯುರೋಪಿನ ಭಾಷೆಗಳಲ್ಲೆಲ್ಲ ಗಾಡಿಯ ಹೆಸರಾಯಿತು. ಅದಿರಲಿ. ಲಂಡನ್ ನಗರದ ಶ್ರೀಮಂತರ ಸಾರೋಟುಗಳ ಚಿತ್ರದಲ್ಲಿ ಕುದುರೆಗಳ ಕುತ್ತಿಗೆ ಬಿಲ್ಲಿನಂತೆ ಮೇಲಕ್ಕೆ ಸೆಟೆದಿರುವುದನ್ನು ನೋಡಿ, ಎಂಥ ಗತ್ತಿನ ಕುದುರೆಗಳೆಂದು ನಾನೂ ಮೆಚ್ಚಿದ್ದೆ. ಅದು ಗತ್ತಲ್ಲ. ‘ಬೇರಿಂಗ್ ರೇನ್’ ಎಂಬ ಬಿಗಿಯಾದ ಪಟ್ಟಿಯೊಂದು ಕಡಿವಾಣದಿಂದ ಬೆನ್ನಿನವರೆಗೆ ಹೋಗಿ ಕುದುರೆಯ ತಲೆ ಕೆಳಗಿಳಿಯದಂತೆ ಎಳೆದು ಹಿಡಿದಿರುತ್ತಿತ್ತು. ಏರು ಹತ್ತುವಾಗ ಕುದುರೆ ತಲೆ ತಗ್ಗಿಸಿ ಮೈಯ ಭಾರವನ್ನು ಮುಂದಕ್ಕೆ ಹಾಕಬೇಕು. ಆ ಸ್ವಾತಂತ್ರ್ಯವೂ ಇಲ್ಲದೆ ಅದು ಉಸಿರಿಗಾಗಿ ಒದ್ದಾಡುತ್ತಿತ್ತು. ಇದರ ವಿರುದ್ಧ ದನಿಯೆತ್ತಿದವಳು ಆನಾ ಸ್ಯೂವೆಲ್ ಎಂಬ ಇಂಗ್ಲಿಷ್ ಮಹಿಳೆ. ಬಾಲ್ಯದಲ್ಲಿ ಬಿದ್ದು ಕಾಲು ನೋಯಿಸಿಕೊಂಡ ಆಕೆಗೆ ಜೀವನವಿಡೀ ಕುದುರೆಗಾಡಿಯೇ ಕಾಲು. ಕುದುರೆಯೇ ತನ್ನ ಕಥೆ ಹೇಳಿಕೊಳ್ಳುವ ‘ಬ್ಲ್ಯಾಕ್ ಬ್ಯೂಟಿ’ ಎಂಬ ಪುಸ್ತಕವನ್ನು 1877ರಲ್ಲಿ ಪ್ರಕಟಿಸಿ ಮರುವರ್ಷವೇ ತೀರಿಕೊಂಡಳು. ಆಕೆಯ ಶವಯಾತ್ರೆಯ ಕುದುರೆಗಳಿಗೂ ಆ ಪಟ್ಟಿಯನ್ನು ಬಿಗಿದಿದ್ದುದನ್ನು ಕಂಡ ವೃದ್ಧ ತಾಯಿ ಅದನ್ನು ಬಿಚ್ಚಿಸಿದ ಬಳಿಕವೇ ಗಾಡಿ ಹೊರಟಿತೆಂದು ಹೇಳಿಕೆಯುಂಟು. ಮನೆಯ ಮಕ್ಕಳಿಗೆ ಈ ಪುಸ್ತಕವನ್ನು ಓದಿಸಬೇಕೆಂದು ಓದುಗ ಬಂಧುಗಳಲ್ಲಿ ನನ್ನ ಅರಿಕೆ.

ಕುದುರೆ ಎಷ್ಟು ಬೇಕಾಗಿತ್ತೆಂಬುದು ಆ ನಗರಗಳಿಗೆ ಒಮ್ಮೆ ಚೆನ್ನಾಗಿ ಅರಿವಾಯಿತು. 1872ರ ಶರತ್ಕಾಲದಲ್ಲಿ ಟೊರೊಂಟೊ ನಗರದ ಆಸುಪಾಸಿನಲ್ಲಿ ಕುದುರೆಗಳಿಗೆ ಒಂದು ಬಗೆಯ ಶೀತಜ್ವರ ಹಬ್ಬಿತು. ಕೆಲವೇ ವಾರಗಳಲ್ಲಿ ಮಾಂಟ್ರಿಯಲ್, ಬಾಸ್ಟನ್, ನ್ಯೂಯಾರ್ಕ್ ನಗರಗಳ ಲಾಯಗಳೆಲ್ಲ ಕೆಮ್ಮತೊಡಗಿದವು. ಸತ್ತ ಕುದುರೆಗಳು ಕಡಿಮೆ. ಏಳಲಾರದೆ ಮಲಗಿದವು ಅಸಂಖ್ಯ. ಕಲ್ಲಿದ್ದಲು ಗಣಿಯಲ್ಲೇ ಉಳಿಯಿತು, ಸರಕು ಬಂದರಿನಲ್ಲೇ ಉಳಿಯಿತು, ಟ್ರಾಮ್ ಗಾಡಿಗಳು ನಿಂತವು. ನೊಗಕ್ಕೆ ಮನುಷ್ಯರೇ ಹೆಗಲು ಕೊಟ್ಟರು. ನವೆಂಬರ್ 9ರ ಸಂಜೆ ಬಾಸ್ಟನ್ನಿನಲ್ಲಿ ಬೆಂಕಿ ಹೊತ್ತಿಕೊಂಡಾಗ ನೀರೆರಚುವ ಯಂತ್ರಗಳನ್ನು ಜನರು ಕೈಯಿಂದಲೇ ಎಳೆದೊಯ್ದರು. ಬೆಂಕಿ ಆರುವಷ್ಟರಲ್ಲಿ 776 ಕಟ್ಟಡಗಳು ನಾಶವಾಗಿದ್ದವು.

ನಾನು ನೋಡಿದ ಚಿತ್ರಗಳಲ್ಲೆಲ್ಲ ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬಾತನು 1893ರಲ್ಲಿ ನ್ಯೂಯಾರ್ಕಿನಲ್ಲಿ ತೆಗೆದ ‘ದಿ ಟರ್ಮಿನಲ್’. ಆತನು ಬಹುಕಾಲ ಯುರೋಪಿನಲ್ಲಿದ್ದು ಮರಳಿ ಬಂದವನು. ಹುಟ್ಟಿದ ದೇಶದಲ್ಲಿಯೇ ಪರಕೀಯನಂತೆ ಒಂಟಿತನದಿಂದ ಕೊರಗುತ್ತಿದ್ದವನು. ಅದೇ ವರ್ಷದ ಫೆಬ್ರುವರಿ 22ರಂದು, ಹಿಮದ ಬಿರುಗಾಳಿಯಲ್ಲಿ ಮೂರು ಗಂಟೆಗಳ ಕಾಲ ಕಾದು ನಿಂತು ಫಿಫ್ತ್ ಅವೆನ್ಯೂದಲ್ಲಿ ಬರುತ್ತಿದ್ದ ಕುದುರೆಗಾಡಿಯ ಪ್ರಸಿದ್ಧ ಚಿತ್ರವನ್ನೂ ತೆಗೆದಿದ್ದನು. ‘ದಿ ಟರ್ಮಿನಲ್’ ಚಿತ್ರದಲ್ಲಿ ಟ್ರಾಮ್ ಗಾಡಿ ದಾರಿಯ ಕೊನೆ ಮುಟ್ಟಿದೆ. ನೆಲದಲ್ಲಿ ಕೆಸರಾದ ಹಿಮ. ದಣಿದ ಕುದುರೆಗಳ ಮೈಯಿಂದ ಹಬೆ ಏಳುತ್ತಿದೆ. ನಮಗೆ ಬೆನ್ನು ಮಾಡಿರುವ ಚಾಲಕನು ಅವುಗಳ ಆರೈಕೆಯಲ್ಲಿ ಮಗ್ನನಾಗಿದ್ದಾನೆ. ಈ ಕುದುರೆಗಳಿಗೆ ನೀರು ಕೊಡಲು ಒಬ್ಬ ಮನುಷ್ಯನಾದರೂ ಇದ್ದಾನಲ್ಲ ಎಂಬ ಸಮಾಧಾನವೇ ತನ್ನನ್ನು ಆ ದೃಶ್ಯದತ್ತ ಸೆಳೆಯಿತೆಂಬ ಅರ್ಥದಲ್ಲಿ ಸ್ಟೀಗ್ಲಿಟ್ಸ್ ಮುಂದೆ ಹೇಳಿಕೊಂಡಿದ್ದಾನೆ. ದಗೇರನ ತಗಡಿನಲ್ಲಿ ಇಡಿಯಾಗಿ ಅಳಿಸಿಹೋಗಿದ್ದ ಕುದುರೆಯ ಉಸಿರು ಕೂಡ ಇಲ್ಲಿ ಕಾಣುತ್ತದೆ. ಚಾಲಕನ ಮುಖ ಮಾತ್ರ ಕಾಣುವುದಿಲ್ಲ, ಹೆಸರೂ ಇಲ್ಲ.

ಹೆಸರು ಉಳಿದ ಒಬ್ಬ ಗಾಡಿಯವನು ಸಿಕ್ಕಿದನು. ಜಾನ್ ಥಾಮ್ಸನ್ ಎಂಬ ಛಾಯಾಗ್ರಾಹಕನೂ ಅಡಾಲ್ಫ್ ಸ್ಮಿತ್ ಎಂಬ ಪತ್ರಕರ್ತನೂ ಕೂಡಿ 1877ರಿಂದ ಲಂಡನ್ನಿನ ಬೀದಿಯ ದುಡಿಮೆಗಾರರ ಬಗೆಗೆ ಸಂಚಿಕೆಗಳನ್ನು ಹೊರತಂದರು. ಅದರಲ್ಲಿ ‘ಎರಕದ ಕಬ್ಬಿಣದ ಬಿಲ್ಲಿ’ ಎಂಬ ಅಡ್ಡಹೆಸರಿನ ಮುದುಕನಿದ್ದಾನೆ. ನಿಜನಾಮ ವಿಲಿಯಂ ಪ್ಯಾರಗ್ರೀನ್. ನಲವತ್ತಕ್ಕೂ ಹೆಚ್ಚು ವರ್ಷ ಮಳೆ ಚಳಿಯೆನ್ನದೆ ಆಮ್ನಿಬಸ್ ಎಂಬ ದೊಡ್ಡ ಕುದುರೆಗಾಡಿಯ ಮೇಲೆ ಕುಳಿತು, ಕೊನೆಗೆ ಕೀಲುವಾತದಿಂದ ನರಳಿದವನು. ಯಾರೋ ನಿಂತು, ಕೇಳಿ, ಬರೆದುಕೊಂಡದ್ದರಿಂದ ಆತನ ಹೆಸರು ಉಳಿಯಿತು.

ಬಳಿಕ ಎಲ್ಲವೂ ಬೇಗ ಮುಗಿಯಿತು. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವಿನ ಎರಡು ಚಿತ್ರಗಳನ್ನು ಅಕ್ಕಪಕ್ಕ ಮುದ್ರಿಸುವುದುಂಟು. 1900ರದರಲ್ಲಿ ಸಾಲುಸಾಲು ಕುದುರೆಗಾಡಿಗಳ ನಡುವೆ ಒಂದು ಮೋಟಾರನ್ನು ಹುಡುಕಬೇಕು; 1913ರದರಲ್ಲಿ ಮೋಟಾರುಗಳ ನಡುವೆ ಕುದುರೆಯನ್ನು ಹುಡುಕಬೇಕು. ಪ್ಯಾರಿಸ್ಸಿನಲ್ಲಿ ಯೂಜೀನ್ ಆಟ್ಜೆ ಎಂಬಾತನು 1910ರ ಸುಮಾರಿಗೆ ನಗರದ ಗಾಡಿಗಳ ಚಿತ್ರಗಳನ್ನೇ ಒಂದು ಆಲ್ಬಮ್ಮಾಗಿ ಕೂಡಿಸಿದನು. 1913ರ ಜನವರಿಯಲ್ಲಿ ಅಲ್ಲಿಯ ಕೊನೆಯ ಕುದುರೆ ಆಮ್ನಿಬಸ್ಸು ನಿಂತಿತು. ಕುದುರೆಯನ್ನು ಸರಿಯಾಗಿ ಹಿಡಿಯಲು ಛಾಯಾಯಂತ್ರ ಕಲಿತಾಗ ಹಿಡಿಯಲು ಕುದುರೆಗಳೇ ಉಳಿದಿರಲಿಲ್ಲ.

ಇಷ್ಟೆಲ್ಲ ಪರದೇಶದ ಚಿತ್ರಗಳನ್ನು ತಪ್ಪು ಹಿಡಿಯುತ್ತ ಕುಳಿತವನಿಗೆ ಒಂದು ದಿನ ತನ್ನ ಟ್ರಂಕಿನ ನೆನಪಾಯಿತು. ನಾನು ಹತ್ತು ವರ್ಷದವನಾಗಿ ಮಠದ ಪ್ರಸಾದ ನಿಲಯವನ್ನು ಸೇರಿದ ಕಾಲದ ಒಂದು ಫೋಟೋ ಅದರಲ್ಲಿದೆ. ಮಠದ ದ್ವಾರದ ಮುಂದೆ ನಾವು ಇಪ್ಪತ್ತಾರು ಹುಡುಗರು. ಒಂದು ಬದಿಗೆ ಅರ್ಧ ಮಾತ್ರ ಬಿದ್ದಿರುವ ಒಂದು ಟಾಂಗಾ. ಹಿಂಬದಿಯಲ್ಲಿ ಗುರುಗಳ ದುಂಡನೆಯ ಅಕ್ಷರದಲ್ಲಿ ಹುಡುಗರೆಲ್ಲರ ಹೆಸರುಗಳಿವೆ. ಸ್ಟೇಶನ್ನಿನಿಂದ ನನ್ನನ್ನೂ ನನ್ನ ತಗಡಿನ ಟ್ರಂಕನ್ನೂ ಮಠಕ್ಕೆ ತಂದಿಳಿಸಿದ್ದು ಅದೇ ಟಾಂಗಾ. ತಂದೆಯವರು ಮರಳಿ ಹೋದ ಮೇಲೆ ಅಳುತ್ತ ನಿಂತಿದ್ದ ನನ್ನನ್ನು ಕರೆದು, ಕುದುರೆಗೆ ಹುಲ್ಲು ತಿನ್ನಿಸೆಂದು ಕೈಗೆ ಹಿಡಿ ಹುಲ್ಲು ಕೊಟ್ಟವನು ಆ ಟಾಂಗಾದವನೇ. ಕುದುರೆಯ ಹೆಸರು ಮೋತಿ; ಬಿಳಿಯ ಮೈ, ಹಣೆಯ ಮೇಲೆ ಕಂದು ಮಚ್ಚೆ. ಅದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮನುಷ್ಯನನ್ನು ಮಾತ್ರ ನಾವೆಲ್ಲ ಚಾಚಾ ಎಂದೇ ಕರೆದೆವು. ಆರು ವರ್ಷ ಪ್ರತಿ ರಜೆಯಲ್ಲೂ ಆತನ ಗಾಡಿಯಲ್ಲೇ ಕುಳಿತರೂ ಆತನ ಹೆಸರು ಕೇಳಬೇಕೆಂದು ನನಗೆ ತೋಚಲಿಲ್ಲ. ಜೊತೆಯಲ್ಲಿದ್ದ ಗೆಳೆಯನೊಬ್ಬನಿಗೆ ಮೊನ್ನೆ ದೂರವಾಣಿಯಲ್ಲಿ ಕೇಳಿದೆ. “ಮೋತಿ ಅಲ್ಲೇನೋ?” ಎಂದನು. ಅವನಿಗೂ ಕುದುರೆಯದೇ ನೆನಪು.

ಫೋಟೋದ ಹಿಂದೆ ಹುಡುಗರ ಹೆಸರುಗಳ ಕೆಳಗೆ ‘ಮೋತಿ’ ಎಂದು ಪೆನ್ಸಿಲಿನಿಂದ ಬರೆದಿದ್ದೇನೆ. 1970ರ ದಶಕದ ಮೊದಲ ವರ್ಷಗಳಲ್ಲಿ ಆ ನಿಲಯದಲ್ಲಿದ್ದವರು ಯಾರಾದರೂ ಈ ಪುಟವನ್ನು ಓದುತ್ತಿದ್ದರೆ, ಹಣೆಯಲ್ಲಿ ಕಂದು ಮಚ್ಚೆಯ ಮೋತಿಯೆಂದರೆ ಅವರಿಗೆ ಗುರುತು ಹತ್ತೀತು. ಚಾಚಾನ ಹೆಸರು ಬಲ್ಲವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರೆಯಬೇಕಾಗಿ ವಿನಂತಿ.